ಕೆಂಪು ವೈರು ಬಲಗೈಗೆ

ಕಳೆದ ತಿಂಗಳು ನಮ್ಮ ಆಸ್ಪತ್ರೆಯಲ್ಲಿ ನಡೆದ ಒಂದು ಬೀಳ್ಕೊಡುಗೆ ಸಭೆಯಲ್ಲಿ ಮೈಕಿನ ಮುಂದೆ ನಿಂತು ನಾನು ನನ್ನ ತಪ್ಪೊಪ್ಪಿಕೊಂಡೆ. ಹನ್ನೆರಡು ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ತಪ್ಪು. ವಾರವಿಡೀ ಮಾತು ಜೋಡಿಸಿಕೊಂಡು, ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿಕೊಂಡು, ಗಂಟಲು ಕಟ್ಟಿದರೆ ಇರಲಿ ಎಂದು ನೀರಿನ ಬಾಟಲಿಯನ್ನೂ ಇಟ್ಟುಕೊಂಡು ಹೋಗಿದ್ದೆ. ಹೇಳಿ ಮುಗಿಸಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಆಸ್ಪತ್ರೆ ಕಟ್ಟಿದ ನಮ್ಮ ದೊಡ್ಡ ಡಾಕ್ಟರು ಮುಂದಿನ ಸಾಲಿನಿಂದ ಎದ್ದು ಬಂದು ನನ್ನನ್ನು ತಬ್ಬಿಕೊಂಡು, "ಎಂಥಾ ದೊಡ್ಡ ಮನಸ್ಸು ಕಣ್ರೀ ನಿಮ್ದು! ರಿಟೈರ್ ಆಗೋರ ತಪ್ಪನ್ನೂ ನಿಮ್ ತಲೆ ಮೇಲೆ ಹಾಕ್ಕೊಂಡ್ಬುಟ್ರಲ್ಲ!" ಎಂದರು. ಶಾಲು ಹೊದಿಸಿದ್ದು ನಿವೃತ್ತರಾಗುತ್ತಿದ್ದವರಿಗೆ, ಚಪ್ಪಾಳೆ ಬಿದ್ದದ್ದು ನನಗೆ. ಕಳ್ಳನೊಬ್ಬ ತಾನೇ ಕಳ್ಳನೆಂದು ಹೇಳಿ ಸನ್ಮಾನ ಮಾಡಿಸಿಕೊಂಡ ಉದಾಹರಣೆ ಮೈಸೂರಿನಲ್ಲಿ ಬೇರೆ ಇದೆಯೋ ಇಲ್ಲವೋ ನನಗೆ ತಿಳಿಯದು. ಬಾಯಲ್ಲಿ ಹೇಳಿದ್ದನ್ನು ಯಾರೂ ನಂಬದ ಕಾರಣ ಈಗ ಬರೆಯುತ್ತಿದ್ದೇನೆ.

ನಿವೃತ್ತರಾದವರು ನಮ್ಮಲ್ಲಿ ಇಸಿಜಿ ತೆಗೆಯುತ್ತಿದ್ದ ಟೆಕ್ನಿಷಿಯನ್. ಹೆಸರು ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ. ಬರೆದರೂ ಯಾರಿಗೂ ಗುರುತು ಸಿಗುತ್ತಿರಲಿಲ್ಲ, ಏಕೆಂದರೆ ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ನಮ್ಮ ರೋಗಿಗಳು ಇಸಿಜಿಗೆ 'ಗ್ರಾಫ್' ಎನ್ನುತ್ತಾರೆ, ಆದ್ದರಿಂದ ಅವರು ಗ್ರಾಫ್ ಯಜಮಾನ್ರು. ಮಠದ ಹಾಸ್ಟೆಲಿನಲ್ಲಿದ್ದು ಓದಿದವರು; ಅವರ ತಂದೆ ಸಂತೇಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದರಂತೆ. ಹಣೆಯ ವಿಭೂತಿ ಬೆಳಗ್ಗೆ ಎಂಟಕ್ಕೆ ಎಷ್ಟು ನೇರವಾಗಿರುತ್ತಿತ್ತೋ ಸಂಜೆ ಐದಕ್ಕೂ ಅಷ್ಟೇ ನೇರವಾಗಿರುತ್ತಿತ್ತು. ಮೆಟ್ಟಿಲ ಕೆಳಗಿನ ಒಂದು ಸಣ್ಣ ಕೋಣೆ ಅವರದು. ಅದರಲ್ಲಿ ಒಂದು ಮಂಚ, ಒಂದು ಮಿಷನ್ನು, ಗೋಡೆಯ ಮೇಲೆ ಮಠದ ಕ್ಯಾಲೆಂಡರು.

ನಾನು ಆ ಆಸ್ಪತ್ರೆಗೆ ಸೇರಿದಾಗ ಆಗಷ್ಟೇ ಎಂ.ಡಿ. ಮುಗಿಸಿದ್ದೆ. ಕಾಲೇಜಿನಲ್ಲಿ ಇಸಿಜಿ ರಸಪ್ರಶ್ನೆಯಲ್ಲಿ ಮೊದಲ ಬಹುಮಾನ ಗೆದ್ದವನು. ಬಹುಮಾನವಾಗಿ ಬಂದ ಸ್ಟೀಲಿನ ಡಬ್ಬ ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಈಗಲೂ ಇದೆ. ನನ್ನ ಹೆಂಡತಿ ಅದರಲ್ಲಿ ಹುಣಿಸೆಹಣ್ಣು ಇಡುತ್ತಾಳೆ. ಗೆರೆಗಳನ್ನು ಓದುವುದರಲ್ಲಿ ನನ್ನ ಸಮಾನರಿಲ್ಲ ಎಂಬ ಜಂಬ ನನಗಿತ್ತು. ಆದರೆ ಒಂದು ಗುಟ್ಟೂ ಇತ್ತು. ಅದುವರೆಗೆ ಒಬ್ಬ ಮನುಷ್ಯನಿಗೂ ನಾನು ನನ್ನ ಕೈಯಾರೆ ವೈರು ಹಾಕಿರಲಿಲ್ಲ. ಆ ಕೆಲಸಕ್ಕೆ ಎಲ್ಲ ಕಡೆಯೂ ಬೇರೆಯವರು ಇದ್ದರು.

ಯಜಮಾನ್ರ ಕೆಲಸದ ರೀತಿಯೇ ಬೇರೆ. ರೋಗಿ ಮಲಗಿದ ಕೂಡಲೇ ಫ್ಯಾನ್ ಆರಿಸುತ್ತಿದ್ದರು. ತಣ್ಣಗಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, "ಬೆಳಿಗ್ಗೆ ಏನ್ ತಿಂಡಿ ಆಯ್ತು?" ಎಂದು ಕೇಳುತ್ತಾ ಕೈಗೆ ಸಿಕ್ಕಿಸುತ್ತಿದ್ದರು. ಉಪ್ಪಿಟ್ಟೋ ದೋಸೆಯೋ ಎಂದು ನೆನೆಸಿಕೊಳ್ಳುವಷ್ಟರಲ್ಲಿ ರೋಗಿಯ ಎದೆಬಡಿತ ಹಿಡಿತಕ್ಕೆ ಬಂದಿರುತ್ತಿತ್ತು. ಕಾಗದದ ತಲೆಯ ಮೇಲೆ ಮಿಷನ್ನು ತಾನೇ ಇಂಗ್ಲಿಷಿನಲ್ಲಿ ದಪ್ಪಕ್ಷರದ ತೀರ್ಪು ಮುದ್ರಿಸುತ್ತದೆ. ಅದನ್ನು ಓದಿಕೊಂಡ ಮನೆಯವರು ಡಾಕ್ಟರ ಹತ್ತಿರ ಬರುವ ಮುಂಚೆಯೇ ಅಳಲು ಶುರುಮಾಡುತ್ತಿದ್ದರು. ಯಜಮಾನ್ರು ಆ ಅಂಚನ್ನು ಹಿಂದಕ್ಕೆ ಮಡಿಚಿ, ಉಗುರಿನಿಂದ ತೀಡಿ ಕೊಡುತ್ತಿದ್ದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು, ಪೆನ್ಸಿಲಿನಲ್ಲಿ ಬರೆಯುವುದು. ಗೆರೆ ಎಲ್ಲಿ ಕೆಟ್ಟಿತೋ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಇಲ್ಲಿ ಕೆಮ್ಮಿದರು', 'ಇಲ್ಲಿ ಫೋನ್ ಬಂತು' ಎಂದು ಟಿಪ್ಪಣಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಯಾದವಗಿರಿಯ ಒಬ್ಬ ಹಿರಿಯ ಹೆಂಗಸಿನ ಇಸಿಜಿ ನನ್ನ ಮೇಜಿಗೆ ಬಂತು. ಅರ್ಧದವರೆಗೆ ಸಮಾಧಾನವಾಗಿದ್ದ ಬಡಿತ ಇದ್ದಕ್ಕಿದ್ದ ಹಾಗೆ ಓಟ ಕಿತ್ತಿತ್ತು. ಅದರ ಕೆಳಗೆ 'ಇಲ್ಲಿ ಸೊಸೆ ಒಳಗೆ ಬಂದರು' ಎಂದಿತ್ತು. ನಾನು ಬಿದ್ದು ಬಿದ್ದು ನಕ್ಕು, "ಇದೇನ್ ಯಜಮಾನ್ರೇ, ಇಸಿಜಿನೋ ಡೈರಿನೋ?" ಎಂದು ಕೇಳಿದೆ.

"ಎದೆ ಏನ್ ಮಾಡ್ತು ಅಂತ ಮಾತ್ರ ಮಿಷನ್ ಬರಿಯುತ್ತೆ ಸಾರ್. ಯಾಕ್ ಮಾಡ್ತು ಅಂತ ಅದಕ್ ಎಂಗೆ ಗೊತ್ತಾಗ್ಬೇಕು?" ಎಂದರು.

ಸಿಟ್ಟೂ ಇತ್ತು ಅವರಿಗೆ. ಗೆರೆ ಬರುತ್ತಿರುವಾಗ ಯಾರಾದರೂ ಬಾಗಿಲು ತಳ್ಳಿದರೆ "ಅಲ್ಲೇ ನಿಂತ್ಕೊಳ್ರೀ!" ಎಂದು ಗುಡುಗುತ್ತಿದ್ದರು. ಮಂಚದ ಮೇಲಿದ್ದವರೂ ಬೆಚ್ಚಿ ಬೀಳುತ್ತಿದ್ದರು. ಆಮೇಲೆ ಪೆನ್ಸಿಲು ತೆಗೆದು, ಆ ಜಾಗದ ಕೆಳಗೆ 'ಇಲ್ಲಿ ನಾನು ಕೂಗಿದೆ' ಎಂದು ಬರೆಯುತ್ತಿದ್ದರು. ಅಂಥ ಐದಾರು ಕಾಗದಗಳನ್ನಾದರೂ ನಾನು ನೋಡಿದ್ದೇನೆ. ಆಗಲೂ ನಕ್ಕಿದ್ದೆ.

ಆ ವರ್ಷ ನಮ್ಮ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ನರ ತರಬೇತಿ ಶುರುವಾಗುವುದಿತ್ತು. ಇಸಿಜಿ ಪಾಠ ಯಜಮಾನ್ರದು ಎಂದು ನಿಶ್ಚಯವಾಗಿತ್ತು. ಹಳ್ಳಿಗಳಿಂದ ಬರುವವರಿಗೆ ಇಂಗ್ಲಿಷ್ ಪುಸ್ತಕ ಕಷ್ಟವಾಗುತ್ತದೆಂದು ಅವರು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಇಸಿಜಿಯ ತುಂಡುಗಳನ್ನು ಅಂಟಿಸಿ, ಪಕ್ಕದಲ್ಲಿ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದರು. ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಿಟ್ಟು ಅದನ್ನು ತೆರೆಯುತ್ತಿದ್ದರು. ಮೇಷ್ಟರಾಗಬೇಕೆಂಬ ಆಸೆ ಚಿಕ್ಕಂದಿನಿಂದ ಇತ್ತಂತೆ. ಬಿಳಿ ಅಂಗಿ ಎರಡು ಹೊಲಿಸಿದ್ದೇನೆ ಎಂದು ನನಗೇ ಒಂದು ದಿನ ಹೇಳಿದ್ದರು.

ತರಬೇತಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ, ಒಂದು ಶುಕ್ರವಾರ, ನಲವತ್ತು ವರ್ಷದ ಒಬ್ಬ ಡ್ರೈವರ್ ವೈದ್ಯಕೀಯ ಪರೀಕ್ಷೆಗೆ ಬಂದ. ವರ್ಷಗಟ್ಟಲೆ ಲಾರಿ ಓಡಿಸಿದವನಿಗೆ ಯಾವುದೋ ಶಾಲೆಯ ಬಸ್ಸಿನಲ್ಲಿ ಕೆಲಸ ಸಿಗುವುದರಲ್ಲಿತ್ತು. ದೇಹಸ್ಥಿತಿ ಸರಿಯಿದೆ ಎಂಬ ಸರ್ಟಿಫಿಕೇಟನ್ನು ಮಾರನೆಯ ದಿನವೇ ಕೊಡಬೇಕಿತ್ತು. ಯಜಮಾನ್ರು ಮೇಲಿನ ಐಸಿಯುವಿಗೆ ಹೋಗಿದ್ದರು. ನಾನು ಕಾಯಬಹುದಿತ್ತು. ಕಾಯದೆ, ಇದೇನು ಮಹಾ ಎಂದುಕೊಂಡು ಆತನನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದೆ.

ಕೆಂಪು ವೈರು ಬಲಗೈಗೆ, ಹಳದಿ ಎಡಗೈಗೆ. ಇದು ನನಗೆ ನಿದ್ದೆಯಲ್ಲೂ ಗೊತ್ತಿತ್ತು. ಯಾರ ಬಲಗೈ ಎಂಬುದೊಂದು ಮರೆತುಹೋಯಿತು. ಆತನ ಕಾಲಿನ ಕಡೆ ಆತನಿಗೆ ಎದುರಾಗಿ ನಿಂತಿದ್ದ ನಾನು, ನನ್ನ ಬಲಗಡೆ ಯಾವ ಕೈ ಇತ್ತೋ ಅದಕ್ಕೆ ಕೆಂಪನ್ನು ಸಿಕ್ಕಿಸಿದೆ. ಅದು ಆತನ ಎಡಗೈ. ಕಾಲಿನ ವೈರುಗಳನ್ನೂ ಅದೇ ಜಾಣತನದಿಂದ ಹಾಕಿದೆ. ಕಾಲಿನವು ಅದಲುಬದಲಾದರೆ ಗೆರೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಅದೊಂದು ಪುಣ್ಯ. ಎದೆಯ ಆರು ವೈರುಗಳ ಜಾಗ ಗೋಡೆಯ ಚಿತ್ರದಲ್ಲಿತ್ತು, ಅದನ್ನು ನೋಡಿ ಅಂಟಿಸಿದೆ.

ಕಾಗದ ಹೊರಗೆ ಬಂತು. ಮೊದಲ ಗೆರೆಯೇ ತಲೆಕೆಳಗಾಗಿತ್ತು. ಮೇಲಕ್ಕೆ ಏಳಬೇಕಾದ ಶಿಖರಗಳೆಲ್ಲ ಕೆಳಕ್ಕೆ ಇಳಿದಿದ್ದವು. ಪುಸ್ತಕದಲ್ಲಿ ಇದಕ್ಕೆ ಎರಡು ಕಾರಣ ಬರೆದಿರುತ್ತಾರೆ. ಒಂದು, ಕೈಯ ವೈರು ಅದಲುಬದಲಾಗಿದೆ. ಇನ್ನೊಂದು, ಆ ಮನುಷ್ಯನ ಹೃದಯ ಹುಟ್ಟಿನಿಂದಲೇ ಬಲಗಡೆಗಿದೆ. ಮೊದಲನೆಯದು ದಿನಾ ಆಗುವಂಥದ್ದು, ಎರಡನೆಯದು ಸಾವಿರಾರು ಜನರಲ್ಲಿ ಒಬ್ಬರಿಗೆ. ರಸಪ್ರಶ್ನೆಯಲ್ಲಿ ಗೆದ್ದವನು ಯಾವುದನ್ನು ಆರಿಸಿಕೊಂಡಿರಬಹುದು?

ನನಗೆ ಆದ ಸಂತೋಷ ಇಷ್ಟಷ್ಟಲ್ಲ. ಕಾಗದದ ಫೋಟೋ ತೆಗೆದು ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಇಬ್ಬರು ಕಿರಿಯ ಡಾಕ್ಟರನ್ನು ಕೂಗಿ ಕರೆದೆ. ದೊಡ್ಡ ಡಾಕ್ಟರಿಗೂ ಫೋನ್ ಮಾಡಿ, ಅಪರೂಪದ ಕೇಸು, ಬಂದು ನೋಡಬೇಕು ಎಂದೆ. ಸರ್ಟಿಫಿಕೇಟಿನ ಮೇಲೆ 'ಹೆಚ್ಚಿನ ಪರೀಕ್ಷೆ ಆಗುವವರೆಗೆ ಅನರ್ಹ' ಎಂದು ಬರೆದು ಸಹಿ ಹಾಕಿದೆ. ಇಷ್ಟು ಹೊತ್ತೂ ನನ್ನ ಕುತ್ತಿಗೆಯಲ್ಲಿ ಸ್ಟೆತಸ್ಕೋಪ್ ನೇತಾಡುತ್ತಿತ್ತು. ಅದನ್ನು ಒಂದು ಸಲ ಆತನ ಎದೆಯ ಎಡಗಡೆ ಇಟ್ಟು ಕೇಳೋಣ ಎಂದು ನನಗೆ ಹೊಳೆಯಲಿಲ್ಲ.

ಆತ ಅಂಗಿಯ ಗುಂಡಿ ಬಿಚ್ಚಿಕೊಂಡೇ ಎದ್ದು ಕುಳಿತಿದ್ದ. "ಸಾರ್, ಬಲಗಡೆ ಇದ್ರೆ ಬಸ್ ಓಡ್ಸಕ್ಕಾಗಲ್ವಾ? ಇಷ್ಟ್ ದಿನ ಲಾರಿ ಓಡ್ಸುದ್ನಲ್ಲ? ಈ ಕೆಲ್ಸ ಸಿಕ್ರೆ ದಿನಾ ಮನೆಗೋಗ್ಬೋದು ಅನ್ಕೊಂಡಿದ್ದೆ" ಎಂದ. ಗಾಬರಿ ಬೇಡ ಎಂದು ಆತನ ಭುಜ ತಟ್ಟಿದೆ. ಆ ಕ್ಷಣದಲ್ಲಿ ಆತ ನನಗೆ ಮನುಷ್ಯನಾಗಿ ಕಾಣುತ್ತಲೇ ಇರಲಿಲ್ಲ, ಪತ್ರಿಕೆಗೆ ಬರೆಯಬಹುದಾದ ಲೇಖನವಾಗಿ ಕಾಣುತ್ತಿದ್ದ.

ಆಗ ಯಜಮಾನ್ರು ಮೇಲಿನಿಂದ ಇಳಿದು ಬಂದರು. ಕಾಗದ ಕೈಗೆ ತೆಗೆದುಕೊಂಡು, ನಾನು ನೋಡಿ ಕುಣಿದಾಡುತ್ತಿದ್ದ ಮೊದಲ ಗೆರೆಯನ್ನು ಬಿಟ್ಟು ಎದೆಯ ಆರು ಗೆರೆಗಳನ್ನು ನೋಡಿದರು. ಹೃದಯ ಬಲಗಡೆಗಿದ್ದರೆ ಅವೂ ಕೆಡಬೇಕಿತ್ತು, ಅವು ಸರಿಯಾಗಿಯೇ ಇದ್ದವು. ಆಮೇಲೆ ಆತನ ಎಡ ಎದೆಯ ಮೇಲೆ ಅಂಗೈ ಇಟ್ಟರು. ನನ್ನ ಕಡೆ ತಿರುಗಿ ಮೆಲ್ಲಗೆ, "ಸಾರ್, ನೀವೂ ಒಂದ್ಸಲ ಕೈ ಇಟ್ ನೋಡಿ" ಎಂದರು. ಇಟ್ಟೆ. ಅಂಗೈ ಕೆಳಗೆ, ಎಡಗಡೆಯೇ, ಹೃದಯ ಢವಢವ ಬಡಿಯುತ್ತಿತ್ತು. ಅವರು ವೈರು ಸರಿಪಡಿಸಿ ಇನ್ನೊಂದು ಇಸಿಜಿ ತೆಗೆದರು. ಎಲ್ಲ ನೆಟ್ಟಗಿತ್ತು.

ಸರಿಯಾಗಿ ಅದೇ ಹೊತ್ತಿಗೆ ದೊಡ್ಡ ಡಾಕ್ಟರು, ಜೊತೆಗೆ ಇಬ್ಬರು ಅತಿಥಿ ಡಾಕ್ಟರನ್ನೂ ಕರೆದುಕೊಂಡು, ಅಪರೂಪದ ಕೇಸು ನೋಡಲು ಬಂದರು. ಎರಡೂ ಕಾಗದವನ್ನು ನೋಡಿ ಅವರ ಮುಖ ಬಿಗಿಯಿತು. "ವೈರು ಹಾಕ್ದೋರು ಯಾರ್ರೀ?" ಎಂದು ಕೇಳಿದರು. ಕೇಳುವಾಗ ನೋಡಿದ್ದು ಯಜಮಾನ್ರನ್ನು. ಅದು ಅವರ ಕೋಣೆ, ಅವರ ಮಿಷನ್ನು. ಬೇರೆ ಯಾರನ್ನು ನೋಡುತ್ತಾರೆ?

ಯಜಮಾನ್ರು ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. ತೆರೆದು, "ವೈರು ಅದಲುಬದಲಾಗಿಬಿಟ್ಟಿದೆ ಸಾರ್, ಈಗ ಸರಿ ಮಾಡಿದೀವಿ" ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಷ್ಟು ನೀಚವಾದ ನಿಜವನ್ನು ನಾನು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಿಲ್ಲ. ಯಜಮಾನ್ರು ತಲೆ ತಗ್ಗಿಸಿ ವೈರು ಸುತ್ತತೊಡಗಿದರು. ಡ್ರೈವರ್‌ಗೆ ಎಲ್ಲ ಗೊತ್ತಿತ್ತು, ಆದರೆ ಅವನನ್ನು ಯಾರೂ ಕೇಳಲಿಲ್ಲ. ಹೊಸ ಸರ್ಟಿಫಿಕೇಟ್ ಸಿಕ್ಕಿದ ಖುಷಿಯಲ್ಲಿ ಆತ ಎಲ್ಲರಿಗೂ ಕೈಮುಗಿದು ಹೋದ, ಮೊದಲು ನನಗೇ.

ಅಂದು ಸಂಜೆಯೇ ಯಜಮಾನ್ರಿಗೆ ಮೆಮೊ ಬಂತು, ಅವರ ಫೈಲಿನಲ್ಲೂ ಒಂದು ಪ್ರತಿ ಸೇರಿತು. ವೈರು ಅದಲುಬದಲು ಮಾಡುವವರು ಪಾಠ ಹೇಗೆ ಮಾಡುತ್ತಾರೆ ಎಂದು ದೊಡ್ಡ ಡಾಕ್ಟರು ತರಬೇತಿಯನ್ನು ಬೇರೆ ಆಸ್ಪತ್ರೆಯ ಒಬ್ಬರಿಗೆ ವಹಿಸಿದರು. ಆ ಶನಿವಾರ ಭಾನುವಾರ ನನಗೆ ಅನ್ನ ಸೇರಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಭಾನುವಾರ ಹೋಟೆಲಿಗೆ ಹೋಗಿ ಎರಡು ಮಸಾಲೆದೋಸೆ ತಿಂದು ಬಂದೆ. ಸೋಮವಾರ ಹೇಳಿದರಾಯಿತು ಎಂದುಕೊಂಡಿದ್ದೆ.

ಸೋಮವಾರ ಮಧ್ಯಾಹ್ನ ಯಜಮಾನ್ರೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಸಾರ್, ಊಟ ಆದ್ಮೇಲೆ ಒಂದ್ ಗಳಿಗೆ ಬನ್ನಿ" ಎಂದರು. ಬೈಯಲು ಕರೆಯುತ್ತಿದ್ದಾರೆ, ಬೈಸಿಕೊಂಡುಬಿಡೋಣ ಎಂದು ಹೋದೆ. ಅವರು ಸ್ಟೂಲು ಎಳೆದು ಕೂರಿಸಿ, ಇನ್ನೂರು ಪುಟದ ಆ ನೋಟ್‌ಬುಕ್ಕಿನ ಮೊದಲ ಪುಟ ತೆರೆದರು.

"ಕಾಗದದ ಮೇಲಿನ್ ಈ ಚೌಕಗಳ್ನ ನೋಡಿ, ಐದ್ ಸಣ್ಣ ಮನೆ ಸೇರಿದ್ರೆ ಒಂದ್ ದೊಡ್ಡ ಮನೆ ಸಾರ್. ಐದ್ ದೊಡ್ಡ ಮನೆ ದಾಟೋಕೆ ಒಂದ್ ಸೆಕೆಂಡು, ನಿಮಿಷಕ್ಕೆ ಮುನ್ನೂರ್ ಮನೆ. ಎರಡ್ ಚೂಪಿನ ಮಧ್ಯೆ ನಾಕ್ ದೊಡ್ಡ ಮನೆ ಇದ್ರೆ, ಮುನ್ನೂರನ್ನ ನಾಕರಿಂದ ಭಾಗ್ಸಿ. ಎಪ್ಪತ್ತೈದು. ನಿಮಿಷಕ್ಕೆ ಎಪ್ಪತ್ತೈದ್ ಬಡಿತ."

ನನ್ನ ಕಿವಿ ಕೆಂಪಾಯಿತು. ಇದು ಮೊದಲ ವರ್ಷದವರಿಗೂ ಗೊತ್ತಿರುವ ವಿಷಯ. ಅವರು ಪುಟ ತಿರುಗಿಸಿದರು. "ಮೊದ್ಲು ಈ ಸಣ್ಣ ದಿಬ್ಬ. ಹೃದಯದ ಮೇಲಿನ್ ಕೋಣೆಗಳು ಎದ್ವು. ಆಮೇಲ್ ಈ ಚೂಪು, ಕೆಳಗಿನ್ ಕೋಣೆಗಳು ರಕ್ತ ತಳ್ಳಿದ್ವು. ಕಡೇಗ್ ಈ ಅಗಲದ ದಿಬ್ಬ, ಸುಧಾರಿಸ್ಕೊಂಡ್ವು. ಸಣ್ಣ ದಿಬ್ಬ ಬರ್ದೇನೆ ಚೂಪು ಬಂತು ಅಂದ್ರೆ, ಯಾಕ್ ಬಂತು ಅಂತ ಕೇಳ್ಬೇಕು ಸಾರ್. ಸುಮ್ನೆ ಮುಂದುಕ್ ಹೋಗ್ಬಾರ್ದು." ಮೊದಲ ದಿನ ಅವಮಾನದಿಂದ ಕೂತಿದ್ದೆ. ಎರಡನೇ ದಿನ ಪೆನ್ನು ತೆಗೆದುಕೊಂಡು ಹೋದೆ.

ಲಯ ನೋಡಲು ಅವರ ಹತ್ತಿರ ಕ್ಯಾಲೆಂಡರಿನಿಂದ ಹರಿದ ಒಂದು ಪಟ್ಟಿ ಇರುತ್ತಿತ್ತು. ಅದರ ಅಂಚನ್ನು ಇಸಿಜಿಯ ಮೇಲಿಟ್ಟು ಎರಡು ಚೂಪುಗಳ ಕೆಳಗೆ ಪೆನ್ಸಿಲಿನಿಂದ ಗುರುತು ಹಾಕಿ, ಪಟ್ಟಿಯನ್ನು ಮುಂದಕ್ಕೆ ಜರುಗಿಸುತ್ತಾ ಹೋಗುವುದು. ಗುರುತಿಗೆ ಚೂಪು ಕೂಡಿಕೊಂಡು ಬಂದರೆ ಲಯ ಸರಿಯಿದೆ. ಒಮ್ಮೆ ಡಿಸೆಂಬರ್ ತಿಂಗಳಲ್ಲಿ ಒಬ್ಬ ಅಜ್ಜನ ಇಸಿಜಿ ನೋಡಿ, ಗೆರೆ ನಡುಗುತ್ತಿದೆ, ಮೇಲಿನ ಕೋಣೆಗಳು ಲಯ ತಪ್ಪಿ ಅದುರುತ್ತಿವೆ, ಕೂಡಲೇ ದಾಖಲು ಮಾಡಿಕೊಳ್ಳಬೇಕು ಎಂದು ನಾನು ಘೋಷಿಸಿದೆ. ಯಜಮಾನ್ರು ಪಟ್ಟಿ ಜರುಗಿಸಿದರು. ಚೂಪುಗಳೆಲ್ಲ ಗುರುತಿನ ಮೇಲೇ ಬಂದವು. "ಲಯ ಸರಿಯಾಗೈತೆ ಸಾರ್, ಅಜ್ಜನಿಗೆ ಚಳಿ" ಎಂದು ಕಂಬಳಿ ತಂದು ಹೊದಿಸಿದರು. ಐದು ನಿಮಿಷದ ಮೇಲೆ ತೆಗೆದ ಇಸಿಜಿ ಸ್ವಚ್ಛವಾಗಿತ್ತು. ಲಯ ನಿಜವಾಗಿಯೂ ತಪ್ಪಿದ್ದಾಗ ಮಾತ್ರ ಅವರು ರೋಗಿಯ ಮುಂದೆ ಏನೂ ಹೇಳದೆ, ಪಟ್ಟಿಯನ್ನು ಮೂರು ಸಲ ಜರುಗಿಸಿ ನೋಡಿ, ಕಾಗದ ಹಿಡಿದು ನನ್ನ ಕೋಣೆಗೇ ನಡೆದು ಬರುತ್ತಿದ್ದರು.

ಎರಡು ವರ್ಷ ಹೀಗೆ ಪಾಠವಾಯಿತು. ನೋಟ್‌ಬುಕ್ ಮುಗಿಯಿತು. ಆ ಶುಕ್ರವಾರದ ವಿಷಯವನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ನನ್ನ ಹೆಸರು ಮಾತ್ರ ಊರಲ್ಲಿ ಬೆಳೆಯಿತು. ಕಿರಿಯ ಡಾಕ್ಟರುಗಳು ಫೋನಿನಲ್ಲಿ ಇಸಿಜಿ ಕಳಿಸಿ ಅಭಿಪ್ರಾಯ ಕೇಳುತ್ತಾರೆ. "ಎಲ್ಲಿ ಕಲಿತ್ರಿ ಸಾರ್ ಇದನ್ನೆಲ್ಲ?" ಎಂದರೆ "ಓದ್ತಾ ಓದ್ತಾ ಬಂತಪ್ಪ" ಎನ್ನುತ್ತಿದ್ದೆ. ತರಬೇತಿಗೆ ಬಂದ ಹೊಸಬರಿಗೆ ನಾನೇ ಎರಡು ಉಪನ್ಯಾಸ ಕೊಟ್ಟೆ. ಹಿಂದಿನ ಬೆಂಚಿನಲ್ಲಿ ಯಜಮಾನ್ರು ಕೂತು ಕೇಳಿಸಿಕೊಂಡರು. ನಾನು ಹೇಳಿದ್ದರಲ್ಲಿ ಅರ್ಧ ಅವರ ಮಾತುಗಳೇ.

ಬೀಳ್ಕೊಡುಗೆಯ ದಿನ ಆದದ್ದನ್ನು ಹೇಳಿದ್ದೇನೆ. ನನ್ನ ಭಾಷಣದ ನಂತರ ಯಜಮಾನ್ರನ್ನು ಎರಡು ಮಾತಾಡಿ ಎಂದು ಕರೆದರು. ಅವರು ಎಲ್ಲರಿಗೂ ನಮಸ್ಕಾರ ಹೇಳಿ, "ಮಿಷನ್ನಿನ ಹಸಿರು ಕ್ಲಿಪ್ಪು ಸಡಿಲ ಆಗೈತೆ, ಸೋಮವಾರದೊಳಗೆ ಬದಲಾಯಿಸ್ಬೇಕು" ಎಂದು ಹೇಳಿ ಕೂತರು.

ಚಪ್ಪಾಳೆಯ ಸದ್ದು ಕಿವಿಯಿಂದ ಹೋಗಲಿಲ್ಲ. ಮಾರನೆಯ ದಿನ ಆಡಳಿತಾಧಿಕಾರಿಗೆ ಪತ್ರ ಬರೆದೆ. ವಿನಯವೆಂದು ಯಾರೂ ತಿಳಿಯದ ಹಾಗೆ ಒಣ ಭಾಷೆಯಲ್ಲಿ ಬರೆದೆ: ವೈರು ಹಾಕಿದ್ದು ನಾನು, ಟೆಕ್ನಿಷಿಯನ್ ಆಗ ಕೋಣೆಯಲ್ಲೇ ಇರಲಿಲ್ಲ, ಕೇಳಿದಾಗ ನಾನು ಹೇಳಲಿಲ್ಲ, ಮೆಮೊ ರದ್ದಾಗಬೇಕು. ಮೂರು ವಾರ ಓಡಾಡಿ ಮೆಮೊ ರದ್ದಾದ ಆದೇಶ ತೆಗೆದುಕೊಂಡೆ. ದೊಡ್ಡ ಡಾಕ್ಟರು ಈಗ ನನ್ನ ನಮಸ್ಕಾರಕ್ಕೆ ತಿರುಗಿ ನಮಸ್ಕರಿಸುತ್ತಿಲ್ಲ. ಅದು ಸರಿಯಾಗಿಯೇ ಇದೆ.

ಹೋದ ಭಾನುವಾರ ಬೆಳಗ್ಗೆ ನನ್ನ ಪತ್ರದ ಪ್ರತಿ, ಆ ಆದೇಶ ಎರಡನ್ನೂ ತೆಗೆದುಕೊಂಡು ರಾಜೀವನಗರದ ಅವರ ಮನೆಗೆ ಹೋದೆ. ಯಜಮಾನ್ರು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಅಡುಗೆಮನೆಯಿಂದ ಹೆಂಡತಿಯನ್ನು ಕರೆದು, ಜೋರಾಗಿ ಓದಲು ಹೇಳಿದರು. ಆಕೆ ನಿಂತುಕೊಂಡೇ ಓದಿದರು. ನನ್ನ ಒಣ ಭಾಷೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಸಿಕೊಳ್ಳುವುದು ಏನೆಂದು ಅಂದು ತಿಳಿಯಿತು. 'ಕೇಳಿದಾಗ ನಾನು ಹೇಳಲಿಲ್ಲ' ಎಂಬಲ್ಲಿಗೆ ಬಂದಾಗ ನನಗೆ ಅಳು ಬಂತು.

ಆಕೆ ಕಾಗದ ಮಡಿಚಿ ಗಂಡನ ಕಡೆ ನೋಡಿದರು. "ನನ್ ಹತ್ರಾನೂ ಬಾಯ್ ಬಿಡ್ಲಿಲ್ವಲ್ಲ ನೀವು. ನಿಮ್ ಕೈಲಿ ಎಂಗ್ ತಪ್ಪಾಯ್ತು ಅಂತ ನಾನೂ ಆಡ್ಬುಟ್ಟಿದ್ನಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅವತ್ತೇ ಒಂದ್ ಮಾತ್ ಅಂದಿದ್ರೆ ಆಗ್ತಿತ್ತು ಕಣಪ್ಪ. ಆ ಬಿಳೀ ಅಂಗಿ ಎರಡನ್ನೂ ಇವ್ರು ಹಾಕ್ಕೊಳ್ಳೇ ಇಲ್ಲ" ಎಂದು ಒಳಗೆ ಹೋದರು. ಪರವಾಗಿಲ್ಲ ಎಂದು ಆಕೆ ಹೇಳಲಿಲ್ಲ. ಹೇಳಬೇಕೆಂದು ನಾನು ಬಯಸಿದ್ದೂ ತಪ್ಪು.

"ಅವತ್ತು ನೀವ್ಯಾಕೆ ಸುಮ್ಮನಿದ್ರಿ ಯಜಮಾನ್ರೇ?" ಎಂದು ಕೇಳಿದೆ.

"ನೀವ್ ಹೇಳ್ತೀರ ಅಂತ ಕಾಯ್ತಿದ್ದೆ ಸಾರ್. ಅಷ್ಟ್ರಲ್ಲಿ ದೊಡ್ಡ ಡಾಕ್ಟ್ರು ಹೊರಟೋದ್ರು."

"ಕೋಪ ಬರಲಿಲ್ವಾ ನನ್ನ ಮೇಲೆ?"

"ಬಂತು. ಚೆನ್ನಾಗೇ ಬಂತು. ಶನಿವಾರ ಭಾನುವಾರ ಎರಡ್ ದಿನಾನೂ ಇತ್ತು."

"ಮತ್ತೆ ಸೋಮವಾರ ಕರೆದು ಕೂರಿಸಿ ಪಾಠ ಹೇಳಿಕೊಟ್ರಲ್ಲ?"

ಯಜಮಾನ್ರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ನನ್ನನ್ನು ನೇರವಾಗಿ ನೋಡಿ ಹೇಳಿದರು:

"ನಾನ್ ಕೋಪ ಮಾಡ್ಕೊಂಡ್ ಕೂತ್ಕೊಂಡಿದ್ರೂ, ಸೋಮವಾರ ಬರೋ ಪೇಶೆಂಟ್‌ಗೂ ನೀವೇ ತಾನೇ ಸಾರ್ ಡಾಕ್ಟ್ರು?"